ಉಪವಾಸವೂ ವಂಶದ ವ್ಯಾಧಿಯೂ

ದಶಲಕ್ಷಣ ಪರ್ವದಲ್ಲಿ ನಿರಾಹಾರ ವ್ರತ ಹಿಡಿದ ಯುವತಿಯೊಬ್ಬಳಿಗೆ ಮೂರನೆಯ ದಿನ ತಾಳಲಾರದ ಹೊಟ್ಟೆನೋವು ಬಂದಿತೆಂದು ಇಟ್ಟುಕೊಳ್ಳಬಹುದು. ವಾಂತಿ, ಕೈಕಾಲುಗಳ ನಿಶ್ಶಕ್ತಿ, ಮಾತಿನಲ್ಲಿ ಗೊಂದಲ. "ತಡೆದುಕೋ ಮಗಳೇ, ಇದೂ ಒಂದು ಪರೀಷಹ" ಎನ್ನುತ್ತಾಳೆ ಅಜ್ಜಿ. ಆ ಮಾತಿನಲ್ಲಿ ಕೇಡಿಲ್ಲ. ತಿಳಿವಿನ ಕೊರತೆ ಮಾತ್ರ ಇದೆ.

ಅಕ್ಯೂಟ್ ಇಂಟರ್ಮಿಟೆಂಟ್ ಪಾರ್ಫೀರಿಯಾ ಎಂಬ ಅಪೂರ್ವ ವ್ಯಾಧಿ ಹೀಗೆ ಪ್ರಕಟವಾಗುವುದುಂಟು. ರಕ್ತಕ್ಕೆ ಕೆಂಪನ್ನು ಕೊಡುವ ಹೀಮ್ ಎಂಬ ದ್ರವ್ಯ ಯಕೃತ್ತಿನಲ್ಲಿಯೂ ತಯಾರಾಗುತ್ತದೆ. ಎಂಟು ಹಂತಗಳ ಆ ಕಾರ್ಯದಲ್ಲಿ ಮೂರನೆಯ ಹಂತದ ಕಿಣ್ವ ಇಂಥವರಲ್ಲಿ ಸುಮಾರು ಅರ್ಧದಷ್ಟೇ ಇರುತ್ತದೆ. ಹೊತ್ತುಹೊತ್ತಿಗೆ ಉಣ್ಣುವ ದಿನಗಳಲ್ಲಿ ಸಾಮಾನ್ಯವಾಗಿ ಆ ಅರ್ಧವೇ ಸಾಕು. ಅನ್ನವನ್ನು ತೊರೆದಾಗ ಯಕೃತ್ತು ಮೊದಲ ಹಂತವನ್ನು ಚುರುಕುಗೊಳಿಸುತ್ತದೆ. ಮುಂದೆ ದಾರಿ ಕಿರಿದು. ನಡುವೆ ಕೂಡಿಬಿದ್ದ ದ್ರವ್ಯಗಳಿಂದ ನರಗಳು ಪೀಡಿತವಾಗುತ್ತವೆ. ಮೂತ್ರವನ್ನು ಬೆಳಕಿನಲ್ಲಿಟ್ಟರೆ ಕಡುಗೆಂಪಾಗುವುದುಂಟು. ಆಕ್ರಮಣ ತೀವ್ರವಾದರೆ ಉಸಿರಾಟವೇ ಸೋಲಬಹುದು. ರಕ್ತನಾಳದ ಮೂಲಕ ಕೊಡುವ ಗ್ಲೂಕೋಸ್ ಮತ್ತು ಹೀಮಿನ್ ಇದಕ್ಕೆ ಚಿಕಿತ್ಸೆ. ಸ್ವೀಡನ್ನಿನ ವೈದ್ಯ ಯಾನ್ ವಾಲ್ಡೆನ್‌ಸ್ಟ್ರಮ್ 1937ರಲ್ಲಿ ಈ ವ್ಯಾಧಿಯನ್ನು ಕುಟುಂಬ ಕುಟುಂಬವಾಗಿ ಗುರುತಿಸಿ ವಿವರಿಸಿದನು.

ಗ್ಲೂಕೋಸ್ ಇಳಿಸಿದ್ದರಿಂದ ವ್ರತಭಂಗವಾಯಿತೆ? ಷೋಡಶಕಾರಣ ಭಾವನೆಗಳಲ್ಲಿ ತಪಸ್ಸನ್ನು ಹೇಳುವಾಗ ಶಕ್ತಿಗೆ ಅನುಸಾರವಾಗಿ ಎಂಬ ಮಾತು ಸೇರಿಯೇ ಬಂದಿದೆ. ಶಕ್ತಿಯೆಂದರೆ ಮನಸ್ಸಿನ ಛಲವೊಂದೇ ಅಲ್ಲ, ದೇಹದ ಸ್ಥಿತಿಯೂ ಹೌದು. ಆದರೂ ಆಕೆಯ ಮನಸ್ಸು ಕುದಿಯುತ್ತಿದ್ದರೆ ಪ್ರಾಯಶ್ಚಿತ್ತವನ್ನು ಕೇಳಲಿ. ಕೊಡುವವರು ಮತ್ತೊಂದು ಉಪವಾಸವನ್ನು ವಿಧಿಸದಿರಲಿ. ಜಪವಿದೆ, ಸ್ವಾಧ್ಯಾಯವಿದೆ. ಊಟವನ್ನು ತೀರ ಕಡಿಮೆ ಮಾಡುವುದೂ ಆಕೆಗೆ ಅಪಾಯವೇ.

ಕಠಿಣವಾದ ಪ್ರಶ್ನೆ ಆಸ್ಪತ್ರೆಯಿಂದ ಮನೆಗೆ ಬಂದ ಮೇಲಿನದು. ಈ ದೋಷವುಳ್ಳ ತಂದೆಯಿಂದಾಗಲಿ ತಾಯಿಯಿಂದಾಗಲಿ ಪ್ರತಿಯೊಂದು ಮಗುವಿಗೂ ಅದು ಬರುವ ಸಂಭವ ಅರ್ಧಕ್ಕರ್ಧ. ಒಬ್ಬರಲ್ಲಿ ಜೀನಿನ ದೋಷ ಖಚಿತವಾದರೆ, ಬಂಧುಗಳಲ್ಲಿ ಅದೊಂದನ್ನೇ ಹುಡುಕಿದರಾಯಿತು. ಸ್ವಲ್ಪ ರಕ್ತ ಸಾಕು. ದೋಷವಿದ್ದೂ ಬಹುಮಂದಿಗೆ ಜೀವಮಾನವೆಲ್ಲ ಏನೂ ಆಗುವುದಿಲ್ಲ. ಐವತ್ತು ವರ್ಷ ಅಷ್ಟಮಿ ಚತುರ್ದಶಿಗಳನ್ನು ನಡೆಸಿದ ಅಜ್ಜಿಯೇ ಅದನ್ನು ಕೊಟ್ಟವಳಾಗಿರಬಹುದು. ಆಕೆಯ ತಪಸ್ಸು ಮೊಮ್ಮಗಳ ದೇಹಕ್ಕೆ ಪ್ರಮಾಣವಾಗದು.

ಆಗ ಮನೆಯಲ್ಲಿ ಪಿಸುಮಾತು: "ಮದುವೆಯಾಗದ ಹೆಣ್ಣುಮಕ್ಕಳಿದ್ದಾರೆ, ಹೊರಗೆ ಹೋಗದಿರಲಿ." ಈ ಭಯವನ್ನು ಹಗುರಾಗಿ ತಳ್ಳಿಹಾಕುವುದು ಸುಲಭ, ಹೆಣ್ಣು ಹೆತ್ತವರಿಗೆ ಸುಲಭವಲ್ಲ. ಪರೀಕ್ಷೆಯ ಫಲಿತಾಂಶ ಆಯಾ ವ್ಯಕ್ತಿಯದು. ಬಸದಿಯ ಜಗಲಿಯಲ್ಲಿ ಚರ್ಚಿಸತಕ್ಕದ್ದಲ್ಲ. ಬೆಳೆದವರು ಪರೀಕ್ಷೆ ಬೇಡವೆಂದರೆ ಬಲವಂತವೂ ಸಲ್ಲದು. ಆದರೆ ವಂಶದಲ್ಲಿ ಇಂಥದೊಂದು ಇದೆ ಎಂಬ ಸಂಗತಿ ಯಾರೊಬ್ಬರ ಸೊತ್ತೂ ಅಲ್ಲ. ಅರಿಯದೆ ಮಗಳನ್ನು ವ್ರತಕ್ಕೆ ಕೂರಿಸಿದ ತಾಯಿಗೆ ದೋಷವಿಲ್ಲ. ಅರಿತ ಮೇಲೆ ತಂಗಿಯ ಮನೆಗೆ ಹೇಳದೆ, ಅಲ್ಲಿಯ ಹುಡುಗಿ ಹತ್ತು ದಿನದ ನಿಯಮ ಹಿಡಿದುದನ್ನು ಕೇಳಿಯೂ ಸುಮ್ಮನಿದ್ದರೆ ಅದು ಪ್ರಮಾದ. ಪ್ರಮಾದದಿಂದ ಒದಗಿದ ಪ್ರಾಣಪೀಡೆಗೆ ಜಿನಾಗಮದಲ್ಲಿ ಹಿಂಸೆಯೆಂದೇ ಹೆಸರು.

ಹೇಳುವುದಕ್ಕೆ ಎಲ್ಲರಿಗಿಂತ ತಕ್ಕವಳು ಅಜ್ಜಿಯೇ. ಮನೆಯ ಹೆಣ್ಣುಮಕ್ಕಳಿಗೆ ಉಪವಾಸ ಕಲಿಸಿದವಳು ಅವಳು. "ನೀನು ಉಂಡು ಸ್ವಾಧ್ಯಾಯಕ್ಕೆ ಕುಳಿತುಕೋ" ಎಂದು ಅವಳು ಹೇಳಿದರೆ ಅದರ ಮೇಲೆ ಆಡುವವರು ಯಾರೂ ಇರುವುದಿಲ್ಲ.