ಗಾಳಿ ಸೋಕಿದ ನೆಲ

ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗುವ ರೈಲಿನಲ್ಲಿ, ಒಂದು ಶನಿವಾರ ಸಂಜೆ, ನನ್ನೆದುರು ನಾಲ್ವರು ಹುಡುಗರು ಕೂತಿದ್ದರು. ಬೆಂಗಳೂರಿನವರು. ಬ್ಯಾಗಿನಲ್ಲಿ ಟಾರ್ಚು, ಕ್ಯಾಮೆರಾ, ನಾಲ್ಕು ನಿಂಬೆಹಣ್ಣು. ಕೋರಮಂಡಲ್ ದಾಟುವ ಹೊತ್ತಿಗೆ ಒಬ್ಬ ಕೇಳಿದ: "ಅಂಕಲ್, ನೀವು ಈ ಕಡೆಯವರಾ? ಇಲ್ಲಿ ದೆವ್ವ ಜಾಸ್ತಿ ಇರೋ ಬಂಗಲೆ ಯಾವುದು?"

ನನಗೆ ನಗು ಬರಲಿಲ್ಲ. ಅವನ ವಯಸ್ಸಿನಲ್ಲಿ ನನಗೂ ಇದ್ದ ಪ್ರಶ್ನೆ ಅದು. ಬೆಂಗಳೂರಿಗೆ 100 ಕಿಲೋಮೀಟರು ದೂರದ ಕೆಜಿಎಫ್‌ನಲ್ಲಿ ದೆವ್ವ ಹುಡುಕುವವರಿಗೆ ಬೇಕಾದದ್ದೆಲ್ಲ ಇದೆ. ಹೆಂಚು ಕುಸಿದ ಬ್ರಿಟಿಷರ ಬಂಗಲೆಗಳಿವೆ, ಹುಲ್ಲು ಬೆಳೆದ ಸಮಾಧಿಗಳಿವೆ, ತುಕ್ಕು ಹಿಡಿದ ಶಾಫ್ಟುಗಳಿವೆ, ಚಿನ್ನ ಸೋಸಿ ಉಳಿದ ಮಣ್ಣಿನ, ಬೆಳದಿಂಗಳಲ್ಲಿ ಬೂದಿಯಂತೆ ಕಾಣುವ ಸೈನೈಡ್ ಗುಡ್ಡಗಳಿವೆ. 2001ರ ಫೆಬ್ರುವರಿ 28ರಂದು ಇಲ್ಲಿನ ಚಿನ್ನದ ಗಣಿ ಮುಚ್ಚಿತು. ಆಮೇಲೆ ಬಂದವರೆಲ್ಲ ಇದನ್ನು ದೆವ್ವದ ಊರು ಎಂದೇ ಬರೆದರು. ಆ ಮಾತು ನನಗೆ ನೋವು ಕೊಡುತ್ತದೆ. ರಾಬರ್ಟ್‌ಸನ್‌ಪೇಟೆಯ ಮಾರುಕಟ್ಟೆಯಲ್ಲಿ ಸಂಜೆ ಕಾಲಿಡಲು ಜಾಗವಿರುವುದಿಲ್ಲ. ಬೆಳಗಿನ ಜಾವ ಇದೇ ಹಳಿಯ ಮೇಲೆ ಸಾವಿರಾರು ಜನ ಬುತ್ತಿ ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗಿ ರಾತ್ರಿ ಮರಳುತ್ತಾರೆ. ಬದುಕಿರುವವರನ್ನು ದಾಟಿಕೊಂಡು ಸತ್ತವರನ್ನು ಹುಡುಕಹೋಗುವುದು ಸರಿಯಲ್ಲ. ಆದರೂ ಆ ಹುಡುಗರ ಕಣ್ಣಿನಲ್ಲಿದ್ದ ಹೊಳಪನ್ನು ಅಲ್ಲಗಳೆಯಲು ಮನಸ್ಸಾಗಲಿಲ್ಲ.

ನಮ್ಮ ಅಜ್ಜಿಯ ಊರು ಬಂಗಾರಪೇಟೆ ತಾಲ್ಲೂಕಿನಲ್ಲೇ. ಕತ್ತಲಾದ ಮೇಲೆ ಕೆರೆ ಅಂಗಳದಲ್ಲಿ ಕೊಳ್ಳಿದೆವ್ವ ಓಡಾಡುತ್ತದೆ ಎಂದು ಹೇಳುತ್ತಿದ್ದಳು. ಒಂದರ ಹಿಂದೆ ಒಂದು ದೀಪ ಹೊತ್ತಿ ಆರುತ್ತ ಸಾಲಾಗಿ ಹೋಗುತ್ತವಂತೆ. ಆದರೆ ದೆವ್ವ ಎಂಬ ಪದ ಅವಳ ಬಾಯಲ್ಲಿ ಬರುತ್ತಿದ್ದದ್ದು ಕಥೆಯಲ್ಲಿ ಮಾತ್ರ. ಮನೆಯಲ್ಲಿ ಯಾರಿಗಾದರೂ ಏನಾದರೂ ಆದರೆ "ಗಾಳಿ" ಎನ್ನುತ್ತಿದ್ದಳು. ಗಾಳಿ ಸೋಕಿದೆ, ಗಾಳಿ ಮೆಟ್ಟಿದೆ. ಯಾಕೆ ಹಾಗನ್ನುತ್ತೀ ಎಂದು ಕೇಳಿದರೆ, "ಕಾಣೋದಿಲ್ಲ, ತಾಕ್ತದೆ ಕಣೋ ಮಗಾ. ಇನ್ನೇನಂತ ಕರೀಲಿ?"

ನಾನು ಎಚ್. ನರಸಿಂಹಯ್ಯನವರನ್ನು ಓದಿ ಬೆಳೆದವನು. ಅವರು ಹುಟ್ಟಿದ ಗೌರಿಬಿದನೂರು ಸೀಮೆ ಆಗ ನಮ್ಮ ಕೋಲಾರ ಜಿಲ್ಲೆಯಲ್ಲೇ ಇತ್ತು. ಪರಮಾಣು ಭೌತವಿಜ್ಞಾನ ಓದಿದ ಆ ಮನುಷ್ಯ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರೀಕ್ಷಿಸಲು ಸಮಿತಿಯನ್ನೇ ಮಾಡಿದರು. ಹಾಗಾಗಿ ನಾನು ದೆವ್ವ ನಂಬುವುದಿಲ್ಲ. ಆದರೆ ಅಜ್ಜಿಯ ಆ ಮಾತು, ಕಾಣೋದಿಲ್ಲ, ತಾಕ್ತದೆ ಅನ್ನುವುದು, ನನ್ನನ್ನು ಬಿಟ್ಟಿಲ್ಲ. ಅದಕ್ಕೆ ಚಾಂಪಿಯನ್ ರೀಫ್‌ನ ನಮ್ಮ ಚಿಕ್ಕಮ್ಮನ ಮನೆಯೂ ಕಾರಣ.

ಅದು ಗಣಿ ಕಾರ್ಮಿಕರ ಲೈನ್ ಮನೆ. ರಜೆಗೆ ಹೋಗಿದ್ದಾಗ ಒಂದು ಮಧ್ಯಾಹ್ನ ಗೂಡಿನಲ್ಲಿದ್ದ ಲೋಟಗಳೆಲ್ಲ ತಾವಾಗಿ ಗಲಗಲ ಅಂದವು. ನೆಲ ಒಮ್ಮೆ ಜಗ್ಗಿದಂತಾಯಿತು. ಸದ್ದು ಕಿವಿಗಿಂತ ಮೊದಲು ಅಂಗಾಲಿಗೆ ಬಂತು. ಚಿಕ್ಕಮ್ಮ ಒಲೆ ಬಿಟ್ಟು ಬಾಗಿಲಿಗೆ ಓಡಿದಳು. ಲೈನಿನುದ್ದಕ್ಕೂ ಹೆಂಗಸರು ಹೊರಗೆ ಬಂದು ನಿಂತಿದ್ದರು, ಎಲ್ಲರ ಮುಖವೂ ಶಾಫ್ಟಿನ ಚಕ್ರದ ಕಡೆಗೆ. ಯಾರೂ ಮಾತಾಡಲಿಲ್ಲ. ಚಿಕ್ಕಪ್ಪ ಆ ಹೊತ್ತಿನಲ್ಲಿ ಕೆಳಗಿದ್ದರು. ಸಂಜೆ ಅವರು ಮನೆಗೆ ಬರುವವರೆಗೂ ಆ ಒಲೆ ಮತ್ತೆ ಹೊತ್ತಲಿಲ್ಲ.

ಅದಕ್ಕೆ ಅಲ್ಲಿನವರ ಹೆಸರು "ಏರ್ ಬ್ಲಾಸ್ಟ್". ಮತ್ತೆ ಗಾಳಿಯೇ! ಮೂರು ಕಿಲೋಮೀಟರು ಆಳದವರೆಗೆ ಬಂಡೆಯ ಒಡಲನ್ನು ಕೊರೆದು ಟೊಳ್ಳು ಮಾಡಿದಾಗ, ಮೇಲಿನ ಭಾರವೆಲ್ಲ ಉಳಿದ ಬಂಡೆಯ ಮೇಲೆ ಕೂರುತ್ತದೆ. ತಡೆದು ತಡೆದು ಒಂದು ಕ್ಷಣ ಬಂಡೆ ಸಿಡಿಯುತ್ತದೆ. ಸಿಡಿದ ರಭಸಕ್ಕೆ ಸುರಂಗದ ಗಾಳಿ ಮನುಷ್ಯರನ್ನು ಎತ್ತಿ ಎಸೆಯುತ್ತಿತ್ತು. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಸ್ಮೀತ್ 1904ರಲ್ಲೇ ಈ ಕಂಪನಗಳ ಬಗ್ಗೆ ವರದಿ ಬರೆದಿದ್ದಾರೆ. ಅವರ ವರದಿಯ ತಲೆಬರಹದಲ್ಲೂ ಇರುವುದು ಇದೇ ಏರ್ ಬ್ಲಾಸ್ಟ್.

ಈ ಗಣಿಗೆ ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಬಂದ ಗಣಿಗಾರರಿದ್ದರು. ಅವರ ನಾಡಿನ ತವರದ ಗಣಿಗಳಲ್ಲಿ ಒಂದು ನಂಬಿಕೆ: ಬಂಡೆಯೊಳಗೆ ಕುಳ್ಳ ಜನ ಇದ್ದಾರೆ, ಸುರಂಗ ಕುಸಿಯುವ ಮುನ್ನ ಗೋಡೆಯನ್ನು ಟಕಟಕ ಬಡಿದು ಎಚ್ಚರಿಸುತ್ತಾರೆ. ಆ ಕುಳ್ಳರಿಗೆಂದು ಬುತ್ತಿಯ ಒಂದು ತುಣುಕನ್ನು ಅವರು ಅಲ್ಲೇ ಬಿಟ್ಟು ಬರುತ್ತಿದ್ದರಂತೆ. ಬಂಡೆ ಸಿಡಿಯುವ ಮುನ್ನ ಸಣ್ಣಗೆ ಚಿಟಚಿಟ ಎನ್ನುವುದು ನಿಜ. ಆ ಸದ್ದನ್ನು ಹಿಡಿಯಲು ಕೆಜಿಎಫ್‌ನಲ್ಲಿ ಯಂತ್ರಗಳನ್ನಿಟ್ಟರು, 1988ರಲ್ಲಿ ಶಿಲಾಬಲ ವಿಜ್ಞಾನಕ್ಕೆಂದೇ ರಾಷ್ಟ್ರೀಯ ಸಂಸ್ಥೆಯೂ ಇಲ್ಲೇ ಹುಟ್ಟಿತು. ನಂಬಿದವರ ಕಿವಿ ಸುಳ್ಳು ಕೇಳಿರಲಿಲ್ಲ. ಕೇಳಿದ್ದಕ್ಕೆ ಅವರು ಒಂದು ಮುಖ ಕೊಟ್ಟರು, ಅದರ ಜೊತೆ ತುತ್ತು ಹಂಚಿಕೊಂಡರು. ಕತ್ತಲಲ್ಲಿ ದುಡಿಯುವವರ ಈ ಸೌಜನ್ಯ ನನಗೆ ಯಾವ ಪವಾಡಕ್ಕಿಂತಲೂ ದೊಡ್ಡದಾಗಿ ಕಾಣುತ್ತದೆ.

ಇಷ್ಟಾದರೂ ನಾನು ಆ ಹುಡುಗರಿಗೆ ಹೇಳಬೇಕೆಂದುಕೊಂಡ ದೆವ್ವ ಬೇರೆಯೇ.

1930ರಲ್ಲಿ ವುಲ್ಫ್‌ಗ್ಯಾಂಗ್ ಪೌಲಿ ಎಂಬ ವಿಜ್ಞಾನಿ ಒಂದು ಕಣವನ್ನು ಊಹಿಸಿದರು. ವಿದ್ಯುದಂಶವಿಲ್ಲ, ತೂಕ ಇಲ್ಲವೆನ್ನುವಷ್ಟು ಕಡಿಮೆ, ಗೋಡೆ, ಬೆಟ್ಟ, ಇಡೀ ಭೂಮಿಯನ್ನೇ ತೂರಿ ಆಚೆ ಹೋಗುವಂಥದ್ದು. ಅದೇ ನ್ಯೂಟ್ರಿನೊ. ಐವತ್ತರ ದಶಕದಲ್ಲಿ ಅದನ್ನು ಹಿಡಿಯಹೊರಟ ಅಮೆರಿಕದ ರೈನ್ಸ್ ಮತ್ತು ಕೋವನ್ ತಮ್ಮ ಪ್ರಯೋಗಕ್ಕಿಟ್ಟುಕೊಂಡ ಹೆಸರು ಪೋಲ್ಟರ್‌ಗೈಸ್ಟ್. ಜರ್ಮನ್ ಭಾಷೆಯಲ್ಲಿ ಅದು ಪಾತ್ರೆ ಉರುಳಿಸಿ ಕಲ್ಲು ತೂರುವ ದೆವ್ವ. ನಮ್ಮ ಕಡೆ ಭಾನಾಮತಿ ಎನ್ನುತ್ತಾರಲ್ಲ, ಅದೇ. 1956ರಲ್ಲಿ ಅಣುಸ್ಥಾವರವೊಂದರ ಪಕ್ಕದಲ್ಲಿ ಆ ಕಣ ಅವರಿಗೆ ಸಿಕ್ಕಿತು. ಆದರೆ ಆಕಾಶದಲ್ಲಿ ಹುಟ್ಟಿ ತಾನಾಗಿ ಬರುವ ನ್ಯೂಟ್ರಿನೊ ಇನ್ನೂ ಸಿಕ್ಕಿರಲಿಲ್ಲ. ಅದು ಸಿಗಬೇಕಾದರೆ ಮೇಲಿನಿಂದ ಸುರಿಯುವ ಬೇರೆ ಕಣಗಳ ಗದ್ದಲವೆಲ್ಲ ಅಡಗಬೇಕು. ಅಂಥ ನಿಶ್ಶಬ್ದ ಇದ್ದದ್ದು ಕೋಲಾರದ ಬಂಡೆಯ ಕೆಳಗೆ. ಹೋಮಿ ಭಾಭಾ ಅವರ ಶಿಷ್ಯರು, ಅವರಲ್ಲಿ ಬಿ. ವಿ. ಶ್ರೀಕಂಠನ್ ಮೊದಲಿಗರು, 1951ರಿಂದಲೇ ಇಲ್ಲಿ ಇಳಿಯತೊಡಗಿದ್ದರು. 1965ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯದವರು ಸೇರಿ ಚಾಂಪಿಯನ್ ರೀಫ್‌ನ 2.3 ಕಿಲೋಮೀಟರು ಆಳದಲ್ಲಿ ನಿಯಾನ್ ಕೊಳವೆಗಳ ಸಾಲುಗಳನ್ನು ಹೂಡಿ, ಕ್ಯಾಮೆರಾ ಇಟ್ಟು ಕಾದರು. ಚಿಕ್ಕಪ್ಪನಂಥವರು ಇಳಿಯುತ್ತಿದ್ದ ಕೇಜಿನಲ್ಲೇ ಅವರೂ ಇಳಿದರು.

ಮೇಲಿನಿಂದ ಬರುವ ಕಣದ ಗೆರೆ ನೆಟ್ಟಗೆ ಕೆಳಗಿಳಿಯಬೇಕು. ಒಂದು ದಿನ ಗೆರೆ ಅಡ್ಡಕ್ಕೆ ಬಿತ್ತು. ಆ ದಿಕ್ಕಿನಲ್ಲಿರುವುದು ಬರೀ ಬಂಡೆ, ಮೈಲಿಗಟ್ಟಲೆ. ಅಷ್ಟನ್ನೂ ದಾಟಿ ಬಂದ ನ್ಯೂಟ್ರಿನೊ ಸುರಂಗದ ಗೋಡೆಯಲ್ಲೆಲ್ಲೋ ಎಡವಿತ್ತು. ಎಡವಿದಲ್ಲಿ ಹುಟ್ಟಿದ ಇನ್ನೊಂದು ಕಣ ಹಾದ ದಾರಿಯುದ್ದಕ್ಕೂ ಕೊಳವೆಗಳು ಕೆಂಪಗೆ ಮಿಂಚಿ ಆರಿದವು. ಕತ್ತಲಲ್ಲಿ ಒಂದರ ಪಕ್ಕ ಒಂದು ದೀಪ, ಸಾಲಾಗಿ. ಆಕಾಶದ ನ್ಯೂಟ್ರಿನೊಗಳದ್ದೆಂದು ಮನುಷ್ಯ ಮೊದಲ ಬಾರಿಗೆ ಕಂಡ ಕುರುಹುಗಳವು. ಅದೇ ಕಾಲಕ್ಕೆ ದಕ್ಷಿಣ ಆಫ್ರಿಕಾದ ಇನ್ನೊಂದು ಚಿನ್ನದ ಗಣಿಯಲ್ಲೂ ಕಂಡವು. ಇದನ್ನು ಮೊದಲು ಓದಿದ ರಾತ್ರಿ ನನಗೆ ಅಜ್ಜಿಯ ಕೆರೆ ಅಂಗಳ ನೆನಪಾಗಿ ನಿದ್ದೆ ಬರಲಿಲ್ಲ.

1975ರಲ್ಲಿ ಅದೇ ತಂಡದವರು ಇನ್ನೊಂದು ವಿಚಿತ್ರವನ್ನು ಪ್ರಕಟಿಸಿದರು. ಕೆಲವು ಗೆರೆಗಳು ಬಂಡೆಯಿಂದ ಹೊರಟಿರಲಿಲ್ಲ. ಗೋಡೆಗೂ ಯಂತ್ರಕ್ಕೂ ನಡುವಿನ ಖಾಲಿ ಗಾಳಿಯಲ್ಲಿ ಕವಲೊಡೆದಿದ್ದವು. ಹೊರಗಿನ ಪ್ರಪಂಚ ಅವಕ್ಕೆ ಈ ಮಣ್ಣಿನ ಹೆಸರನ್ನೇ ಇಟ್ಟು ಕೋಲಾರ ಘಟನೆಗಳು ಎಂದಿತು. ಬೇರೆಲ್ಲೂ ಅವು ದೃಢಪಡಲಿಲ್ಲ. ಗಾಳಿಯಲ್ಲಿ ಏನಾಯಿತು ಎಂಬುದಕ್ಕೆ ಎಲ್ಲರೂ ಒಪ್ಪುವ ಉತ್ತರ ಇಂದಿಗೂ ಇಲ್ಲ.

ಚಾಂಪಿಯನ್ ನಿಲ್ದಾಣದಲ್ಲಿ ಹುಡುಗರು ಇಳಿದರು. ಬಂಗಲೆಯ ಹೆಸರು ನಾನು ಹೇಳಲಿಲ್ಲ. "ಶಾಫ್ಟಿನ ಹತ್ತಿರ ಹೋಗಬೇಡಿ, ಅಪಾಯ. ದೂರ ನಿಂತು ಕಾಲ ಕೆಳಗೆ ಏನಿದೆ ಅಂತ ಯೋಚನೆ ಮಾಡಿ ನೋಡ್ರಪ್ಪ" ಅಂದೆ. ಉಗುರಗಲದ ಜಾಗದಲ್ಲಿ ಸೆಕೆಂಡಿಗೆ 6,000 ಕೋಟಿಗೂ ಹೆಚ್ಚು ನ್ಯೂಟ್ರಿನೊಗಳು, ಸೂರ್ಯನಿಂದ ಹೊರಟವು, ಅವರ ಮೈಯಲ್ಲಿ ಹಾದುಹೋಗುತ್ತಿವೆ ಎಂದು ಹೇಳುವಷ್ಟರಲ್ಲಿ ರೈಲು ಹೊರಟಿತು.

ಗಣಿ ಮುಚ್ಚಿದ ಮೇಲೆ ಪಂಪುಗಳು ನಿಂತು ಸುರಂಗಗಳಲ್ಲಿ ನೀರು ತುಂಬಿದೆ. ಜಪಾನಿನ ಕಮಿಯೋಕಾ ಎಂಬಲ್ಲಿ, ಅದೂ ಒಂದು ಗಣಿಯೇ, 50,000 ಟನ್ ಶುದ್ಧ ನೀರು ತುಂಬಿಸಿ ವಿಜ್ಞಾನಿಗಳು ಈಗಲೂ ಕಾಯುತ್ತಿದ್ದಾರೆ. ನೀರಿನಲ್ಲಿ ನ್ಯೂಟ್ರಿನೊ ಎಡವಿದರೆ ಒಂದು ಕ್ಷಣ ಸಣ್ಣ ನೀಲಿ ಬೆಳಕು ಹುಟ್ಟುತ್ತದೆ. ನಮ್ಮ ಕೆಳಗಿನ ನೀರು ಶುದ್ಧವಲ್ಲ, ಅಲ್ಲಿ ಯಂತ್ರವಿಲ್ಲ, ನೋಡುವವರಿಲ್ಲ. ಆದರೂ ಚಿಕ್ಕಪ್ಪ ಬಗ್ಗಿ ನಡೆದ ಆ ಓಣಿಗಳಲ್ಲಿ, ಎಲ್ಲೋ, ಯಾವಾಗಲೋ ಒಮ್ಮೆ, ಆ ನೀಲಿ ದೀಪ ಹೊತ್ತಿ ಆರುತ್ತಲೇ ಇರುತ್ತದೆ.