ರಾಜಮಾರ್ಗ ಮತ್ತು ಗೋಪಥ

ಬಾವಿ, ಕೆರೆ, ಅರವಟ್ಟಿಗೆ, ಸಾಲುಮರಗಳಂತಹ ಲೋಕೋಪಕಾರದ ಕಾರ್ಯಗಳನ್ನು ಧರ್ಮಶಾಸ್ತ್ರಗಳು ‘ಪೂರ್ತ’ವೆಂದು ಕರೆದು, ಯಜ್ಞರೂಪವಾದ ‘ಇಷ್ಟ’ದೊಡನೆ ಪುಣ್ಯಕರ್ಮಗಳಲ್ಲಿ ಎಣಿಸಿವೆ. ಆದರೆ ಕೆರೆ ಕಟ್ಟಿಸಿದ ಮಾತ್ರಕ್ಕೆ ಪೂರ್ತ ಸಿದ್ಧಿಸುವುದಿಲ್ಲ. ಕಟ್ಟಿಸಿದವನು ‘ಉತ್ಸರ್ಗ’ವೆಂಬ ವಿಧಿಯಿಂದ ತನ್ನ ಒಡೆತನವನ್ನು ತೊರೆದು ಅದನ್ನು ಸಕಲ ಪ್ರಾಣಿಗಳಿಗೂ ಬಿಟ್ಟುಕೊಡಬೇಕು. ತನ್ನದಾಗಿರುವುದನ್ನು ಮಾತ್ರ ಹೀಗೆ ತೊರೆಯಲು ಬರುವುದರಿಂದ, ಹಿಂದುಳಿದ ಸೀಮೆಯ ನಗರಗಳನ್ನು ರೈಲು, ಹೆದ್ದಾರಿಗಳಿಂದ ಜೋಡಿಸುವ ಇಂದಿನ ಪ್ರಭುತ್ವದ ಕೆಲಸವನ್ನು ಪೂರ್ತವೆನ್ನುವ ಮೊದಲು ಅದು ಕೊಡುತ್ತಿರುವ ನೆಲ ಯಾರದೆಂದು ಕೇಳಬೇಕಾಗುತ್ತದೆ.

ಮೀಮಾಂಸಕರು ಈ ಪ್ರಶ್ನೆಯನ್ನು ಯಜ್ಞದ ಚರ್ಚೆಯೊಳಗೇ ಎತ್ತಿದ್ದರು. ಯಜಮಾನನು ಸರ್ವಸ್ವವನ್ನೂ ದಕ್ಷಿಣೆಯಾಗಿ ಕೊಡಬೇಕಾದ ವಿಶ್ವಜಿತ್ ಯಾಗದಲ್ಲಿ ಸಾರ್ವಭೌಮನು ಭೂಮಿಯನ್ನೂ ಕೊಡಬೇಕೇ ಎಂಬ ಸಂಶಯಕ್ಕೆ ಜೈಮಿನಿಯ ಸೂತ್ರಗಳು ಕೊಡಬಾರದೆಂದು ಉತ್ತರಿಸುತ್ತವೆ. 14ನೆಯ ಶತಮಾನದಲ್ಲಿ ವಿಜಯನಗರದ ಮಾಧವಾಚಾರ್ಯರು ‘ಜೈಮಿನೀಯ ನ್ಯಾಯಮಾಲಾವಿಸ್ತರ’ದಲ್ಲಿ ಇದನ್ನೇ ವಿವರಿಸುವಾಗ ಗೋಪಥ, ರಾಜಮಾರ್ಗ, ಜಲಾಶಯಗಳನ್ನೊಳಗೊಂಡ ಮಹಾಭೂಮಿಯು ಅರಸನ ಧನವಲ್ಲವೆಂದೂ, ದುಷ್ಟರ ಶಿಕ್ಷೆ ಮತ್ತು ಶಿಷ್ಟರ ಪಾಲನೆಯಷ್ಟೇ ಅವನ ಅಧಿಕಾರವೆಂದೂ, ಭೂಮಿಯು ತಮ್ಮ ಕರ್ಮಫಲವನ್ನು ಉಣ್ಣುವ ಎಲ್ಲ ಪ್ರಾಣಿಗಳಿಗೂ ಸಾಧಾರಣವೆಂದೂ ನಿರ್ಣಯಿಸಿದ್ದಾರೆ. ಸಾಮ್ರಾಜ್ಯವೊಂದು ಬೆಳೆಯುತ್ತಿದ್ದಾಗಲೇ ಅದರ ಆಶ್ರಯದಲ್ಲಿದ್ದ ವಿದ್ವಾಂಸರು ಹೀಗೆ ಬರೆದದ್ದು, ದನ ಹೋಗುವ ಹಾದಿಯನ್ನು ಅರಸನ ದಾರಿಯ ಪಕ್ಕದಲ್ಲೇ ಇರಿಸಿದ್ದು, ಸಣ್ಣ ಸಂಗತಿಯಲ್ಲ.

ಸುಮಾರು 164 ಕಿ.ಮೀ. ಉದ್ದದ ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗದ ವಿವಾದವನ್ನು ಈ ನಿರ್ಣಯದ ಬೆಳಕಿನಲ್ಲಿ ನೋಡಬಹುದು. ಬಯಲುಸೀಮೆಯನ್ನು ಕರಾವಳಿಗೆ ಜೋಡಿಸುವ ಈ ಯೋಜನೆಗೆ ಮೊದಲು ಬಲ ಬಂದದ್ದು ಬಳ್ಳಾರಿ–ಹೊಸಪೇಟೆ ಭಾಗದ ಅದಿರನ್ನು ಬಂದರಿಗೆ ಸಾಗಿಸುವ ಅಗತ್ಯದಿಂದ. ಯಲ್ಲಾಪುರದಂತಹ ಊರುಗಳ ಜನರ ರೈಲಿನ ಬೇಡಿಕೆಯೂ ಹುಸಿಯಲ್ಲ. ಆದರೆ ಮಾರ್ಗದ ಬಹುಭಾಗ ಪಶ್ಚಿಮಘಟ್ಟದ ಕಾಡಿನೊಳಗೆ ಹಾಯುತ್ತದೆ. 2020ರಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಒಪ್ಪಿಗೆ ನೀಡಿದಾಗ ವಿವಾದವು ಹೈಕೋರ್ಟಿನ ಮೆಟ್ಟಿಲೇರಿತು.

ಪ್ರಭುತ್ವವು ಒಡೆಯನಲ್ಲದೆ ಪಾಲಕ ಮಾತ್ರವೆಂದರೆ ಮಾರ್ಗವೇ ನಿಷಿದ್ಧವೆಂದಾಗುವುದಿಲ್ಲ, ಏಕೆಂದರೆ ಒಳನಾಡಿನ ಪ್ರಜೆಗಳ ಪಾಲನೆಯೂ ಅದೇ ಕರ್ತವ್ಯದೊಳಗೆ ಬರುತ್ತದೆ. ತೊಡಕಿರುವುದು ಪರಿಹಾರದ ಲೆಕ್ಕದಲ್ಲಿ. ಪಹಣಿಯುಳ್ಳ ರೈತನಿಗೆ ಭೂಸ್ವಾಧೀನದ ಹಣ ಸಲ್ಲುತ್ತದೆ. ಕಡಿದ ಕಾಡಿಗೆ ಪ್ರತಿಯಾಗಿ ಬೇರೆಡೆ ನೆಡುತೋಪು ಬೆಳೆಸಲು ಕಟ್ಟುವ ಹಣವಾದರೋ ಸರ್ಕಾರದ ಒಂದು ಇಲಾಖೆಯಿಂದ ಮತ್ತೊಂದಕ್ಕೆ ಹೋಗುತ್ತದೆ, ಹಕ್ಕುಪತ್ರವಿಲ್ಲದ ಅರಣ್ಯವಾಸಿಯೂ ದಾರಿ ತುಂಡಾದ ಕಾಡುಪ್ರಾಣಿಯೂ ಆ ವ್ಯವಹಾರದಲ್ಲಿ ಕಕ್ಷಿಗಳೇ ಅಲ್ಲ. ಕಳೆದುಕೊಂಡವರಿಗೆ ತಲುಪದ ಈ ಪರಿಹಾರವನ್ನು ಪಾಲಕನು ಸಲ್ಲಿಸಿದ ಲೆಕ್ಕವೆನ್ನುವುದು ಕಷ್ಟ. ಇನ್ನು ಅದಿರಿಗಾಗಿ ಹಾಸುವ ಹಳಿಯನ್ನು ಪ್ರಯಾಣಿಕರ ಹೆಸರಿನಲ್ಲಿ ಸಮರ್ಥಿಸಿದರೆ, ಸಂಕಲ್ಪ ಒಬ್ಬರ ಹೆಸರಿನಲ್ಲೂ ಫಲ ಇನ್ನೊಬ್ಬರ ಪಾಲಿನಲ್ಲೂ ನಿಲ್ಲುತ್ತದೆ.