ದ್ವೀಪಕ್ಕೆ ಹೊರಡುವ ಮುನ್ನ

ಪರದೇಶಕ್ಕೆ ಹೋಗುವವನು ತನ್ನ ಪ್ರಯಾಣಕ್ಕೆ ಯಾವ ಹೆಸರಿಡಬೇಕು? ಪ್ರಶ್ನೆ ಕ್ಷುಲ್ಲಕವೆಂದು ತೋರಬಹುದು. ಪಾಸ್‌ಪೋರ್ಟು, ಟಿಕೆಟು, ಸಂಬಳ ಇವು ಸರಿಯಾಗಿದ್ದರೆ ಹೆಸರಿನಿಂದೇನು ಎಂದು ಕೇಳುವವರಿದ್ದಾರೆ. ಆದರೆ ಕೆಲವು ತಿಂಗಳುಗಳಿಂದ ಈ ಒಂದು ಪ್ರಶ್ನೆಯೇ ನನ್ನನ್ನು ಕಾಡುತ್ತಿದೆ.

ಮದ್ರಸದಲ್ಲಿ ನನ್ನೊಂದಿಗೆ ಕಲಿತ ಗೆಳೆಯನೊಬ್ಬ ಮಾಲ್ದೀವ್ಸ್‌ನಲ್ಲಿ ಶಿಕ್ಷಕನಾಗಿದ್ದಾನೆ. ಅಲ್ಲಿನ ಒಂದು ಶಾಲೆಗೆ ಖುರ್‌ಆನ್ ಮತ್ತು ಅರಬಿ ಕಲಿಸುವವರು ಬೇಕಾಗಿದ್ದಾರೆ, ನೀನು ಅರ್ಜಿ ಹಾಕು ಎಂದು ಅವನು ಒತ್ತಾಯಿಸಿದ. ಇಲ್ಲಿ ನಾನು ಪಡೆಯುವುದಕ್ಕಿಂತ ನಾಲ್ಕು ಪಟ್ಟು ಸಂಬಳ. ತಂಗಿಯ ಮದುವೆಗೆ ಮಾಡಿದ ಸಾಲ ಇನ್ನೂ ತೀರಿಲ್ಲ. ಮನೆಯ ಹಿಂಬದಿಯ ಮಾಡು ಎರಡು ಮಳೆಗಾಲಗಳಿಂದ ಸೋರುತ್ತಿದೆ. ಯೋಚಿಸಲು ಏನಿತ್ತು? ಹೆಂಡತಿ ಒಪ್ಪಿದಳು. ಉಮ್ಮನಿಗೆ ಹೇಳುವುದು ಮಾತ್ರ ಕಷ್ಟವಾಗಿತ್ತು.

"ಉಮ್ಮಾ, ಇದೂ ಒಂದು ರೀತಿಯ ಹಿಜ್ರತ್. ಅದು ಮುಸ್ಲಿಮರ ದೇಶ. ದೀನ್ ಕಲಿಸಲಿಕ್ಕೆ ಹೋಗುವುದು" ಎಂದೆ.

ಅಕ್ಕಿ ಆರಿಸುತ್ತಿದ್ದ ಉಮ್ಮ ತಲೆಯೆತ್ತಲಿಲ್ಲ. "ಇಲ್ಲಿ ನೀನು ಕಲಿಸುತ್ತಿರುವುದು ಏನು ಮೋನೇ?" ಎಂದು ಕೇಳಿದರು.

ನನ್ನಲ್ಲಿ ಉತ್ತರವಿರಲಿಲ್ಲ. ಹನ್ನೊಂದು ವರ್ಷಗಳಿಂದ ಬೆಳಿಗ್ಗೆ ಮದ್ರಸದಲ್ಲಿ ದೀನ್ ಕಲಿಸುತ್ತೇನೆ, ಹಗಲು ಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ದೀನ್ ಕಲಿಸುವುದಕ್ಕಾಗಿ ಸಮುದ್ರ ದಾಟಬೇಕಾದ ಅಗತ್ಯ ನನಗಿಲ್ಲ. ದಾಟಬೇಕಾಗಿರುವುದು ಸಂಬಳಕ್ಕಾಗಿ. ಆ ಸಂಬಳಕ್ಕೆ ನಾನು ಹಿಜ್ರತ್ ಎಂಬ ಹೊದಿಕೆ ಹೊದಿಸಿದ್ದೆ.

ಕರ್ಮಗಳು ಸಂಕಲ್ಪವನ್ನು ಅವಲಂಬಿಸಿವೆ ಎಂಬ ಹದೀಸನ್ನು ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ಪ್ರವಾದಿ(ಸ) ಅದನ್ನು ವಿವರಿಸಲು ಆರಿಸಿಕೊಂಡ ನಿದರ್ಶನ ನಮಾಝಿನದ್ದಲ್ಲ, ಉಪವಾಸದ್ದೂ ಅಲ್ಲ, ಹಿಜ್ರತ್‌ನದ್ದು. ಲೌಕಿಕ ಲಾಭಕ್ಕಾಗಿಯೋ ಒಬ್ಬಳನ್ನು ವರಿಸುವುದಕ್ಕಾಗಿಯೋ ಊರು ಬಿಟ್ಟವನಿಗೆ ಅವನು ಬಯಸಿದ್ದೇ ಸಿಗುವುದು ಎಂಬುದು ಅದರ ತಾತ್ಪರ್ಯ. ಇನ್ನು 'ಮುಸ್ಲಿಮರ ದೇಶ' ಎಂಬ ನನ್ನ ವಾದವಂತೂ ಇತಿಹಾಸದ ಮುಂದೆ ನಿಲ್ಲುವುದೇ ಇಲ್ಲ. ಇಸ್ಲಾಮಿನ ಮೊದಲ ವಲಸೆ ನಡೆದದ್ದು ಅಬಿಸೀನಿಯಕ್ಕೆ, ಒಬ್ಬ ಕ್ರೈಸ್ತ ದೊರೆಯ ಆಶ್ರಯಕ್ಕೆ. ಅಲ್ಲಿ ನ್ಯಾಯವಿದೆ ಎಂಬುದಷ್ಟೇ ಹೋದವರಿಗೆ ತಿಳಿದಿತ್ತು. ನನ್ನನ್ನು ಇಲ್ಲಿಂದ ಯಾರೂ ಓಡಿಸಿಲ್ಲ, ನನ್ನ ನಮಾಝಿಗೆ ಅಡ್ಡಿ ಬಂದಿಲ್ಲ.

ಹಾಗೆಂದು ಸಂಬಳಕ್ಕೆ ಹೋಗುವುದು ಕೀಳೇ? ಖಂಡಿತ ಅಲ್ಲ. ಜುಮುಅ ನಮಾಝ್ ಮುಗಿದೊಡನೆ ಭೂಮಿಯಲ್ಲಿ ಹರಡಿ ಅಲ್ಲಾಹನ ಅನುಗ್ರಹವನ್ನು ಅರಸಿರೆಂದು ಖುರ್‌ಆನ್ ಹೇಳುತ್ತದೆ. ನಮ್ಮ ಕರಾವಳಿಯ ಎಷ್ಟೋ ಮನೆಗಳ ಒಲೆ ಉರಿದದ್ದು ಕೊಲ್ಲಿ ದೇಶಗಳ ದುಡಿಮೆಯಿಂದ. ಹಲಾಲಾದ ದುಡಿಮೆಗೆ ಹಲಾಲಾದ ಹೆಸರೇ ಇದೆ. ಅದನ್ನು ಬಿಟ್ಟು ದೊಡ್ಡ ಹೆಸರು ಹುಡುಕುವವನಿಗೆ ಒಂದು ಒಳಗುಟ್ಟಾದ ಲಾಭವಿದೆ: ದೊಡ್ಡ ಕೆಲಸಕ್ಕೆ ಹೊರಟವನನ್ನು ಯಾರೂ ಸಣ್ಣ ಲೆಕ್ಕ ಕೇಳುವುದಿಲ್ಲ. ವಯಸ್ಸಾದ ತಾಯಿಯನ್ನು ಯಾರಿಗೆ ಒಪ್ಪಿಸಿದೆ, ಹತ್ತನೆಯ ತರಗತಿಯ ಮಕ್ಕಳನ್ನು ಪರೀಕ್ಷೆಗೆ ಮೂರು ತಿಂಗಳಿರುವಾಗ ಯಾಕೆ ಬಿಟ್ಟೆ ಎಂದು ಕೇಳಿದರೆ ಕೇಳಿದವನೇ ತಪ್ಪಿತಸ್ಥನಂತೆ ಕಾಣುತ್ತಾನೆ.

ಹೋಗಬೇಕೆಂದಿದ್ದ ನಾಡಿನ ಬಗ್ಗೆ ಓದತೊಡಗಿದೆ. ಸುಮಾರು 1,200 ಹವಳದ ದ್ವೀಪಗಳು. ಜನವಸತಿ ಇರುವುದು ಇನ್ನೂರಕ್ಕಿಂತ ಕಡಿಮೆ ದ್ವೀಪಗಳಲ್ಲಿ. ನಾವು ಯಾವುದನ್ನಾದರೂ ಹೀಗಳೆಯುವಾಗ ಕವಡೆ ಕಾಸಿನ ಬೆಲೆಯಿಲ್ಲ ಎನ್ನುತ್ತೇವಲ್ಲ, ಆ ಕವಡೆ ಶತಮಾನಗಳ ಕಾಲ ಈ ದ್ವೀಪಗಳ ಸಮುದ್ರದಿಂದ ಬಂಗಾಳಕ್ಕೆ ಹೋಗಿ ಅಲ್ಲಿ ನಾಣ್ಯವಾಗಿ ಚಲಾವಣೆಯಾಗುತ್ತಿತ್ತು! ಅವರ ದಿವೆಹಿ ಭಾಷೆಯ ತಾನಾ ಲಿಪಿ ಅರಬಿಯಂತೆ ಬಲದಿಂದ ಎಡಕ್ಕೆ ಓಡುತ್ತದೆ. ಅದರ ಮೊದಲ ಒಂಬತ್ತು ಅಕ್ಷರಗಳು ಅರಬಿ ಅಂಕಿಗಳಿಂದ ಹುಟ್ಟಿದವು. 2008ರ ಸಂವಿಧಾನದ ಪ್ರಕಾರ ಮುಸ್ಲಿಮೇತರರು ಅಲ್ಲಿ ಪೌರರಾಗುವಂತಿಲ್ಲ. ಇದನ್ನು ಓದಿದಾಗ ಮೊದಲು ನನಗೆ ಆ ನಾಡಿನ ಬಾಗಿಲು ನನ್ನಂಥವರಿಗೆ ತೆರೆದಿದೆ ಎನಿಸಿತು. ಆದರೆ ಮುಸ್ಲಿಮನಾದ ಮಾತ್ರಕ್ಕೆ ನಾನು ಅಲ್ಲಿಯವನಾಗುವುದಿಲ್ಲ. ಅಲ್ಲಿ ನಾನು ವರ್ಕ್ ಪರ್ಮಿಟ್ ಪಡೆದ ಒಬ್ಬ ಪರದೇಶಿ. ಕೆಲಸ ಕೊಟ್ಟವನಿಗೆ ಬೇಡವಾದ ದಿನ ಉಳಿಯುವ ಹಕ್ಕೂ ಮುಗಿಯಿತು. 2022ರ ಜನಗಣತಿಯಲ್ಲಿ ಲೆಕ್ಕಕ್ಕೆ ಬಂದ ಸುಮಾರು 5 ಲಕ್ಷ 15 ಸಾವಿರ ನಿವಾಸಿಗಳಲ್ಲಿ ನಾಲ್ವರಲ್ಲೊಬ್ಬ ಇಂಥ ಹೊರಗಿನವನೇ. ಅವರಲ್ಲಿ ಬಹಳ ಮಂದಿ ಕಟ್ಟಡದ ಕೆಲಸಕ್ಕೆ ಬಂದ ಬಾಂಗ್ಲಾದೇಶಿಗಳು, ಅವರೂ ಮುಸ್ಲಿಮರೇ. ಅವರು ತಮ್ಮ ಪ್ರಯಾಣವನ್ನು ಹಿಜ್ರತ್ ಎಂದು ಕರೆದುಕೊಳ್ಳುವುದನ್ನು ತಾನು ಕೇಳಿಲ್ಲವೆಂದು ಗೆಳೆಯ ಹೇಳಿದ.

ನಮ್ಮ ಕರಾವಳಿಯಿಂದ ಅಲ್ಲಿಗೆ ಹೋದ ಒಬ್ಬ ವಿದ್ವಾಂಸನ ಕಥೆ ನನ್ನನ್ನು ಇನ್ನೂ ಹೆಚ್ಚು ಕಾಲ ತಡೆದು ನಿಲ್ಲಿಸಿತು. ಇಬ್ನ್ ಬತೂತ ಹೊನ್ನಾವರದಲ್ಲಿ ಸುಲ್ತಾನ ಜಮಾಲುದ್ದೀನನ ಆಶ್ರಯದಲ್ಲಿದ್ದವನು. ಆ ಪಟ್ಟಣದಲ್ಲಿ ಹುಡುಗರಿಗೆ 23, ಹುಡುಗಿಯರಿಗೆ 13 ಪಾಠಶಾಲೆಗಳನ್ನು ಕಂಡೆನೆಂದು ಅವನು ಬರೆದಿದ್ದಾನೆ. (ನಮ್ಮಲ್ಲಿ ಹೆಣ್ಣುಮಕ್ಕಳ ಓದಿನ ಬಗ್ಗೆ ಇಂದಿಗೂ ಚರ್ಚಿಸುವವರು ಈ ಎರಡನೆಯ ಅಂಕಿಯನ್ನು ಗಮನಿಸಬೇಕು.) ಬಳಿಕ ಕಲ್ಲಿಕೋಟೆಗೆ ಹೋಗಿ, ಅಲ್ಲಿಂದ 1343ರಲ್ಲಿ ಮಾಲ್ದೀವ್ಸ್ ತಲುಪಿದ. ರಾಣಿ ಖದೀಜಳ ಆಳ್ವಿಕೆಯಲ್ಲಿ ಖಾಝಿಯಾದ. ಜುಮುಅಕ್ಕೆ ಬಾರದವರಿಗೆ ಹೊಡೆಸಿದ, ಹೆಂಗಸರ ಉಡುಪು ತಿದ್ದಲು ಹೊರಟು ಸೋತ. ಬಂದವನೇ ಊರನ್ನು ತಿದ್ದಲು ನಿಲ್ಲುವ ಚಪಲ ನಮ್ಮಂಥ ಓದಿದವರಲ್ಲಿ ಎಲ್ಲ ಕಾಲದಲ್ಲೂ ಇತ್ತೆಂದು ಕಾಣುತ್ತದೆ. ಅಲ್ಲಿ ನಾಲ್ಕು ಮದುವೆಯಾದ. ಮನಸ್ತಾಪ ಬಂದು 1344ರಲ್ಲಿ ಹೊರಟಾಗ ಆ ಬಂಧಗಳೂ ಕಡಿದವು. ಒಬ್ಬಳು ಗರ್ಭಿಣಿಯಾಗಿದ್ದಳು. ಮುಂದೆ ಮತ್ತೆ ಬಂದಾಗ ಎರಡು ವರ್ಷದ ಮಗನನ್ನು ಕಂಡ. ಮಗು ತಾಯಿಯ ಬಳಿ ಇರುವುದೇ ಲೇಸೆಂದು ಅವಳಿಗೇ ಬಿಟ್ಟು ಕೆಲವೇ ದಿನಗಳಲ್ಲಿ ಹಡಗು ಹತ್ತಿದ.

ಶಾಸ್ತ್ರದ ದೃಷ್ಟಿಯಿಂದ ಅವನಲ್ಲಿ ತಪ್ಪು ಹುಡುಕುವುದು ಸುಲಭವಲ್ಲ, ಅವನು ಖಾಝಿ. ಆದರೆ ಆ ಮಗುವಿನ ಹೆಸರು ಕೂಡ ನಮಗೆ ತಿಳಿಯದು. ನನ್ನ ಮಗಳು ಎರಡನೆಯ ತರಗತಿಯಲ್ಲಿದ್ದಾಳೆ. ಈಗಷ್ಟೇ ಒತ್ತಕ್ಷರ ತಪ್ಪಿಲ್ಲದೆ ಬರೆಯತೊಡಗಿದ್ದಾಳೆ.

ಇನ್ನೊಂದು ವಿಷಯ. ಆ ನಾಡಿನ ಅತ್ಯಂತ ಎತ್ತರದ ನೈಸರ್ಗಿಕ ನೆಲವೂ ಸಮುದ್ರಮಟ್ಟದಿಂದ ಎರಡೂವರೆ ಮೀಟರು ದಾಟುವುದಿಲ್ಲ. 2004ರ ಸುನಾಮಿಯ ಬಳಿಕ ಕಂದೊಳುದೂ ದ್ವೀಪದ ಜನ ತಮ್ಮ ನೆಲವನ್ನು ಶಾಶ್ವತವಾಗಿ ತೊರೆದು ಬೇರೊಂದು ದ್ವೀಪದಲ್ಲಿ ನೆಲೆಸಬೇಕಾಯಿತು. ಕಡಲು ಏರುತ್ತಿರುವುದನ್ನು ಲೋಕಕ್ಕೆ ತೋರಿಸಲು 2009ರಲ್ಲಿ ಅವರ ಮಂತ್ರಿಮಂಡಲ ನೀರಿನಡಿಯಲ್ಲಿ ಸಭೆ ಸೇರಿತ್ತು. ಬಿಡಲೇಬೇಕಾಗಿ ಬಂದು ಊರು ಬಿಡುವುದು ಏನೆಂದು ಬಲ್ಲವರ ನಡುವೆ ಹೋಗಿ ನಾನು ಯಾವ ಮುಖದಿಂದ ಹಿಜ್ರತ್‌ನ ಮಾತಾಡಲಿ?

ನಿಜವಾದ ಹಿಜ್ರತ್‌ನ ಸಿದ್ಧತೆ ಹೇಗಿತ್ತೆಂದು ಆ ರಾತ್ರಿ ಮತ್ತೆ ಓದಿದೆ. ಮಕ್ಕಾದಿಂದ ಹೊರಡುವಾಗ ಪ್ರವಾದಿ(ಸ) ಒಂಟೆಗಳ ಏರ್ಪಾಡು ಮಾಡಿದ್ದರು, ದಾರಿ ಬಲ್ಲ ಮುಸ್ಲಿಮೇತರನೊಬ್ಬನನ್ನು ಗೊತ್ತುಮಾಡಿದ್ದರು. ಯೋಜನೆ ಹಾಕುವುದು ತವಕ್ಕುಲ್‌ಗೆ ವಿರುದ್ಧವಲ್ಲ. ಆದರೆ ನನ್ನನ್ನು ಹಿಡಿದದ್ದು ಇನ್ನೊಂದು. ಕೊಲ್ಲಲು ಸಂಚು ಹೂಡಿದ್ದ ಆ ಊರಿನವರೇ ಅವರ ಬಳಿ ಇಟ್ಟಿದ್ದ ಅಮಾನತುಗಳನ್ನು ಹಿಂದಿರುಗಿಸಿ ಬರಲು ಅಲಿ(ರ)ಯವರನ್ನು ಹಿಂದೆ ಬಿಟ್ಟಿದ್ದರು.

ನನ್ನ ಬಳಿ ಯಾರ ಅಮಾನತುಗಳಿವೆ? ಮರುದಿನ ಕಪಾಟು ತೆರೆದು ಕುಳಿತೆ. ಕಾಲೇಜಿನ ಗುರುಗಳಿಂದ ತಂದ ಎರಡು ಪುಸ್ತಕ. ಭಾವನಿಗೆ ಕೊಡಬೇಕಾದ ಕೈಸಾಲದ ಚೀಟಿ. ಮೊಹಲ್ಲಾದ ಬಡ ಮಕ್ಕಳ ಪುಸ್ತಕ ನಿಧಿಯ ಲೆಕ್ಕದ ವಹಿ. ವಹಿಯನ್ನು ಆರು ವರ್ಷಗಳಿಂದ ನಾನೇ ಬರೆಯುತ್ತಿದ್ದೇನೆ. ಕೂಡಿ ನೋಡಿದೆ. 3,400 ರೂಪಾಯಿ ಕಡಿಮೆ ಬಂತು. ಎರಡು ಸಲ ಕೂಡಿದರೂ ಅಷ್ಟೇ. ಆಮೇಲೆ ನೆನಪಾಯಿತು: ಮಗಳಿಗೆ ಡೆಂಗಿ ಜ್ವರ ಬಂದಿದ್ದಾಗ ರಾತ್ರಿ ಆಸ್ಪತ್ರೆಗೆ ಓಡುವ ಅವಸರದಲ್ಲಿ ಆ ಪೆಟ್ಟಿಗೆಯಿಂದ ತೆಗೆದಿದ್ದೆ. ಸಂಬಳ ಬಂದೊಡನೆ ತುಂಬಿಸಬೇಕೆಂದಿದ್ದೆ. ತುಂಬಿಸಿರಲಿಲ್ಲ.

ಹಣ ತುಂಬಿಸುವುದೇನೂ ಕಷ್ಟವಾಗಲಿಲ್ಲ. ಸದ್ದಿಲ್ಲದೆ ತುಂಬಿಸಿ ವಹಿಯನ್ನು ಒಪ್ಪಿಸಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ತನ್ನ ಪಾಪವನ್ನು ಡಂಗುರ ಹೊಡೆಯಬಾರದೆಂಬ ಉಪದೇಶವೂ ನಮ್ಮಲ್ಲಿದೆ. ಮೂರು ದಿನ ಅದರ ನೆರಳಲ್ಲಿ ಕುಳಿತಿದ್ದೆ. ಆದರೆ ಇದು ನನ್ನ ಮತ್ತು ಅಲ್ಲಾಹನ ನಡುವಿನ ವಿಷಯ ಮಾತ್ರವಲ್ಲವಲ್ಲ. ಎರಡು ವರ್ಷ ಆ ಹಣದಲ್ಲಿ ಬರಬೇಕಾಗಿದ್ದ ನೋಟುಪುಸ್ತಕಗಳು ಯಾವುದೋ ಮಕ್ಕಳಿಗೆ ಬಂದಿರಲಿಲ್ಲ.

ಅಸರ್ ನಮಾಝಿನ ಬಳಿಕ ಸಮಿತಿಯ ಹಿರಿಯರಿಗೆ ಹೇಳಿದೆ. ಅವರು ಕನ್ನಡಕ ಹಾಕಿಕೊಂಡು ವಹಿ ನೋಡಿದರು. "ಉಸ್ತಾದರೇ, ತೆಗೆದ ದಿನ ಯಾವುದು?" ಎಂದು ಮಾತ್ರ ಕೇಳಿದರು. ಹೇಳಿದೆ. ಆ ತಿಂಗಳ ಪುಟದ ಅಂಚಿನಲ್ಲಿ ತೆಗೆದ ದಿನಾಂಕವನ್ನೂ ಮರಳಿಸಿದ ದಿನಾಂಕವನ್ನೂ ತಾವೇ ಬರೆದು, ನನ್ನ ಸಹಿ ಹಾಕಿಸಿದರು.

ಹೋಗುವ ಯೋಚನೆಯನ್ನು ನಾನು ಬಿಟ್ಟಿಲ್ಲ. ಸೋರುವ ಮಾಡು ಹಾಗೆಯೇ ಇದೆ. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಯುವವರೆಗೆ ಬರಲಾರೆ, ಮೊದಲ ವರ್ಷ ಹೆಂಡತಿ ಮಕ್ಕಳು ಉಮ್ಮನ ಜೊತೆ ಊರಲ್ಲೇ ಇರುತ್ತಾರೆ ಎಂದು ಆ ಶಾಲೆಗೆ ಬರೆದಿದ್ದೇನೆ. ಯಾಕೆ ಬರಬಯಸುತ್ತೀರಿ ಎಂದು ಅರ್ಜಿಯಲ್ಲಿ ಒಂದು ಪ್ರಶ್ನೆಯಿತ್ತು. ಮನೆಯ ಸಾಲ ತೀರಿಸಲು ಮತ್ತು ನನಗೆ ಕಲಿಸಲು ಬರುವುದರಿಂದ ಎಂದು ಬರೆದೆ. ಕಳಿಸುವ ಮೊದಲು ಉಮ್ಮನಿಗೆ ಓದಿ ಹೇಳಿದೆ. "ತಿಂಗಳಿಗೆ ಎಷ್ಟು ಕಳಿಸುತ್ತಿ?" ಎಂದು ಅವರು ಅಂದು ಮೊದಲ ಬಾರಿಗೆ ಕೇಳಿದರು. ಉತ್ತರ ಇನ್ನೂ ಬಂದಿಲ್ಲ.